ನೆತ್ತಿಗೇರಿದ ನೆಲಗಡಲೆ

ಚರ್ಚಿನ ಹಬ್ಬದ ಸಂತೆಯಲ್ಲಿ ನೆಲಗಡಲೆ ಪೊಟ್ಟಣ ಹಿಡಿದು ಓಡುವ ಪುಟ್ಟ ಮಕ್ಕಳನ್ನು ನಾವು ಯುವಕರು ಈಗ ತಡೆದು ಕೂರಿಸುತ್ತೇವೆ. ಕೆಲವರು ನಗುತ್ತಾರೆ. ನಗಲಿ.

ನಮ್ಮ ವಾರ್ಡಿನ ಎರಡೂವರೆ ವರ್ಷದ ಮಗುವೊಂದಕ್ಕೆ ತಿನ್ನುವಾಗ ನೆತ್ತಿಗೇರಿತು. ಜೋರಾಗಿ ಕೆಮ್ಮಿ, ಅತ್ತು, ಸುಮ್ಮನಾಯಿತು. ಎಲ್ಲ ಸರಿಯಾಯಿತೆಂದು ಮನೆಯವರು ಮರೆತರು. ಆಮೇಲೆ ಶುರುವಾದ ಕೆಮ್ಮಿಗೆ ಹತ್ತು ದಿನ ಸಿರಪ್ ಕುಡಿಸಿದ್ದಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನಾಣ್ಯ, ಪಿನ್ನು ಕಂಡಂತೆ ಕಡಲೆ ಅದರಲ್ಲಿ ಕಾಣುವುದಿಲ್ಲ. ಕೊನೆಗೆ ತಲಪಾಡಿ ದಾಟಿ ಮಂಗಳೂರಿಗೆ ಒಯ್ದಾಗ ಡಾಕ್ಟರು ಎದೆಯ ಎರಡೂ ಬದಿಗೆ ಕಿವಿಗೊಟ್ಟು ಕೇಳಿದರು. ಬಲಗಡೆ ಉಸಿರಿನ ಸದ್ದು ಕಡಿಮೆ. "ತಿನ್ನುವಾಗ ಏನಾದರೂ ನೆತ್ತಿಗೇರಿತ್ತಾ?" ಎಂದರು. ಉತ್ತರ ಇದ್ದದ್ದು ಅಜ್ಜಿಯ ಬಳಿ. ಮಗುವಿಗೆ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಬ್ರಾಂಕೋಸ್ಕೋಪ್ ಕೊಳವೆ ಇಳಿಸಿ, ಚಿಮುಟದಲ್ಲಿ ಅರ್ಧ ಕಡಲೆ ಹೊರತೆಗೆದರು. "ಕೊಟ್ಟದ್ದು ನಾನೇ ಅಲ್ವಾ ಮಗಾ" ಎಂದು ಅಜ್ಜಿ ಇಂದಿಗೂ ಕೊರಗುತ್ತಾರೆ.

ಬಲ ಶ್ವಾಸನಾಳ ಎಡದ್ದಕ್ಕಿಂತ ಅಗಲ, ನೇರ. ಅದಕ್ಕೇ ಜಾರಿದ ವಸ್ತು ಹೆಚ್ಚಾಗಿ ಅತ್ತಲೇ ಇಳಿಯುತ್ತದೆ. ಕಡಲೆ ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆ ಒಳಪದರವನ್ನು ಕೆರಳಿಸುತ್ತದೆ.

ಹೀಗೆ ಕೊಳವೆ ಇಳಿಸಿ ತೆಗೆಯುವ ದಾರಿ ತೋರಿಸಿದವರು ಜರ್ಮನಿಯ ಫ್ರೈಬರ್ಗಿನ ಗುಸ್ಟಾವ್ ಕಿಲಿಯನ್. 1897ರಲ್ಲಿ ರೈತನೊಬ್ಬನ ಬಲ ಶ್ವಾಸನಾಳದಿಂದ ಹಂದಿಯ ಎಲುಬಿನ ಚೂರು ತೆಗೆದರು. ಅಮೆರಿಕದ ಚೆವಾಲಿಯರ್ ಜಾಕ್ಸನ್ ಜನ ನುಂಗಿದ, ಉಸಿರಿಗೆಳೆದುಕೊಂಡ 2,374 ವಸ್ತುಗಳನ್ನು ಕೂಡಿಟ್ಟರು. ಗುಂಡಿ, ಸೇಫ್ಟಿ ಪಿನ್, ಆಟಿಕೆಗಳೆಲ್ಲ ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಮ್ಮಿನ ಡ್ರಾಯರುಗಳಲ್ಲಿವೆ. ನಮ್ಮ ಮನೆಗಳಲ್ಲಾದರೆ ಹುಣಸೆ ಬೀಜವೂ ಸೇರುತ್ತಿತ್ತೋ ಏನೋ!

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸ್ವರ ಹೊರಡದಿದ್ದರೆ, ಉಸಿರು ಸಿಕ್ಕಿಕೊಂಡರೆ ತಡಮಾಡಬೇಡಿ; ಒಬ್ಬರು 108ಕ್ಕೆ ಫೋನ್ ಮಾಡಲಿ. ಮುಂದಕ್ಕೆ ಬಾಗಿಸಿ, ಅಂಗೈ ಬುಡದಿಂದ ಹೆಗಲ ಮೂಳೆಗಳ ನಡುವೆ ಐದು ಪೆಟ್ಟು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೆ, ಮೇಲಕ್ಕೆ ಐದು ಸಲ ಒತ್ತಿ. ವಸ್ತು ಹೊರಬರುವ ತನಕ ಎರಡನ್ನೂ ಮುಂದುವರಿಸಿ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಲೇಬಾರದು: ತಲೆ ತಗ್ಗಿಸಿ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು, ಮಗುಚಿ ಎದೆಯ ನಡುವೆ ಒಂದು ಅಂಗೈ ಬುಡದಿಂದ ಐದು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋದೀತು.

ಫೆಬ್ರವರಿ 3, ಸಂತ ಬ್ಲೇಸಿಯಸರ ಹಬ್ಬ. ಗುರುಗಳು ಎರಡು ಮೇಣದಬತ್ತಿ ಹಿಡಿದು ಗಂಟಲು ಆಶೀರ್ವದಿಸುವ ದಿನ. ಪೂಜೆ ಮುಗಿದ ಮೇಲೆ ಸಭಾಂಗಣದಲ್ಲಿ ಗೊಂಬೆ ಇಟ್ಟು ಇದನ್ನೆಲ್ಲ ಮಾಡಿ ತೋರಿಸುತ್ತೇವೆ. ಅಜ್ಜಿಯಂದಿರಿಗೆ ಮುಂದಿನ ಸಾಲು.