ಬೆಟ್ಟದ ತುದಿಯಿಂದ ನೀರಿನ ಲೆಕ್ಕ

ಶಾಲಾ ಪ್ರವಾಸವೆಂದರೆ ಮೈಸೂರು, ಬೇಲೂರು-ಹಳೇಬೀಡು, ಜೋಗ. ಚಾರಣವೆಂದರೆ ಕೊಡಚಾದ್ರಿ, ಮುಳ್ಳಯ್ಯನಗಿರಿ. ದಾವಣಗೆರೆ ಜಿಲ್ಲೆಯ ಅನೇಕ ಮನೆಗಳಲ್ಲಿ ರಜೆಯ ಮಾತು ಇಷ್ಟಕ್ಕೇ ಮುಗಿಯುತ್ತದೆ. ಊರ ಹಿಂದಿನ ಗುಡ್ಡವನ್ನು ದನ ಕಾಯುವ ಹುಡುಗರು ದಿನಾ ಹತ್ತುತ್ತಾರೆ. ಉಳಿದವರು ಹತ್ತುವುದು ಜಾತ್ರೆಯ ದಿನ ಮಾತ್ರ. ಆದರೆ ನ್ಯಾಮತಿಯಿಂದ ಹೊರಟು ಹೊನ್ನಾಳಿ, ಚನ್ನಗಿರಿ ದಾಟಿ ಜಗಳೂರಿನವರೆಗೆ, ಭಾನುವಾರಕ್ಕೊಂದರಂತೆ ಒಂದೊಂದು ಎತ್ತರ ಏರಿ ನೋಡಿದವರಿಗೆ ಭೂಗೋಳದ ಒಂದು ಪಾಠ ಕಣ್ಣೆದುರೇ ತೆರೆದುಕೊಳ್ಳುತ್ತದೆ. ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತದೆ ಎಂಬುದು ಪಾಠದ ಮೊದಲ ಸಾಲು. ಕಡಿಮೆಯಾದ ಮಳೆಯನ್ನು ಜನ ಹೇಗೆ ಹಿಡಿದಿಟ್ಟರು ಎಂಬುದು ಎರಡನೆಯ ಸಾಲು.

ಈ ಊರುಗಳೆಲ್ಲ ಒಂದೇ ಜಿಲ್ಲೆಯ ನಕಾಶೆಗೆ ಬಂದದ್ದು ಈಚೆಗೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ 2018ರಲ್ಲಿ ಬೇರೆ ತಾಲ್ಲೂಕಾಯಿತು. ಆದರೆ ಕಲ್ಲಿನ ಲೆಕ್ಕದಲ್ಲಿ ಇವು ಬಹಳ ಹಳೆಯ ನೆರೆಹೊರೆ. ಧಾರವಾಡ ವರ್ಗಕ್ಕೆ ಸೇರಿದ ಇಲ್ಲಿನ ಶಿಲೆಗಳಿಗೆ 250 ಕೋಟಿ ವರ್ಷಗಳಿಗೂ ಮೀರಿದ ವಯಸ್ಸು. ಹಿಮಾಲಯ ಏಳತೊಡಗಿ ಸುಮಾರು 5 ಕೋಟಿ ವರ್ಷಗಳಾದವು, ಅಷ್ಟೆ. ಮಳೆ, ಬಿಸಿಲು, ಗಾಳಿ ಮೆತ್ತಗಿನ ಭಾಗವನ್ನೆಲ್ಲ ಸವೆಸಿದ ಮೇಲೆ ಉಳಿದ ಗಟ್ಟಿ ಕಲ್ಲೇ ಇಂದಿನ ಗುಡ್ಡಸಾಲು. ಎತ್ತರ ಕಡಿಮೆ ಎಂದು ಇವನ್ನು ಹಗುರವಾಗಿ ಕಾಣುವಂತಿಲ್ಲ.

ಬತ್ತದ ಬುಗ್ಗೆ

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯ ಸಮೀಪದ ಗುಡ್ಡದಲ್ಲಿ ತೀರ್ಥರಾಮೇಶ್ವರ ಕ್ಷೇತ್ರವಿದೆ. ಸುತ್ತ ಕಾಡು, ನಡುವೆ ಗುಡಿ, ಗುಡಿಯ ಬಳಿ ವರ್ಷವಿಡೀ ಹರಿಯುವ ನೀರು. ಶ್ರೀರಾಮ ಬಾಣ ಹೂಡಿ ನೀರು ತರಿಸಿದನೆಂದು ಸ್ಥಳಪುರಾಣ ಹೇಳುತ್ತದೆ. ಕಾಶಿಯ ಗಂಗೆಯೇ ಇಲ್ಲಿ ಹರಿಯುತ್ತಾಳೆಂದು ಭಕ್ತರು ನಂಬುತ್ತಾರೆ.

ವಿಜ್ಞಾನದ ವಿವರಣೆಯೂ ಕಡಿಮೆ ಸೊಗಸಿನದಲ್ಲ. ಮಳೆಗಾಲದಲ್ಲಿ ಗುಡ್ಡದ ಮೇಲೆ ಬಿದ್ದ ನೀರನ್ನು ಮರಗಳ ಬೇರು ಮತ್ತು ಒಣಗಿದ ಎಲೆಯ ಹಾಸು ತಡೆದು ನಿಲ್ಲಿಸುತ್ತವೆ. ನೀರು ನಿಧಾನವಾಗಿ ಕಲ್ಲಿನ ಬಿರುಕುಗಳಿಗೆ ಇಳಿಯುತ್ತದೆ. ಕೆಳಗೆ ನೀರು ಇಂಗದ ಗಟ್ಟಿ ಪದರ ಸಿಕ್ಕಾಗ ಅಡ್ಡ ಹರಿದು, ದಾರಿ ಸಿಕ್ಕಲ್ಲಿ ಬುಗ್ಗೆಯಾಗಿ ಹೊರಬೀಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೊಗಸೆಗೆ ಬರುವ ನೀರು ಹಿಂದಿನ ಮಳೆಗಾಲದ ಉಳಿತಾಯ. ಮೇಲಿನ ಕಾಡು ಹೋದರೆ ಈ ಉಳಿತಾಯವೂ ಹೋಗುತ್ತದೆ.

ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಯಂತಿಗೆ ಮಾಲೆ ಧರಿಸಿದ ಭಕ್ತರು ದೂರದೂರದ ತಾಂಡಾಗಳಿಂದ ನಡೆದೇ ಬರುತ್ತಾರೆ. ಕಾಲ್ನಡಿಗೆಯ ಬೆಲೆ ತಿಳಿದವರು ಅವರು.

ಹೊನ್ನಿನ ಊರು, ಹೊಳೆಯ ಊರು

ನ್ಯಾಮತಿಯಿಂದ ಹೊನ್ನಾಳಿಗೆ ಬಂದರೆ ಗುಡ್ಡಗಳು ಹಿಂದೆ ಸರಿದು ತುಂಗಭದ್ರೆ ಎದುರಾಗುತ್ತಾಳೆ. ಕೂಡ್ಲಿಯಲ್ಲಿ ತುಂಗೆ, ಭದ್ರೆಯರು ಕೂಡಿದ ಮೇಲೆ ನದಿ ಹರಿದು ಬರುವುದು ಈ ಊರಿಗೆ. ಹೆಸರಿನಲ್ಲಿರುವ ಹೊನ್ನು ಬರೀ ಮಾತಲ್ಲ. ಕುದುರೆಕೊಂಡದ ಸುತ್ತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಿನ್ನದ ಗಣಿಗಾರಿಕೆ ನಡೆದಿತ್ತು. ಅದು ನಿಂತುಹೋಯಿತು. ನಿಲ್ಲದೆ ಉಳಿದದ್ದು ನದಿ. ದಡದ ಹಸಿರು ಗದ್ದೆಗಳನ್ನು ನೋಡಿದರೆ ಊರಿನ ನಿಜವಾದ ಹೊನ್ನು ಯಾವುದೆಂದು ಮಕ್ಕಳೂ ಹೇಳಬಲ್ಲರು.

ರಾಣಿಯ ಹೆಸರಿನ ಗಿರಿ

ಚನ್ನಗಿರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟ ಧೀರೆ ಆಕೆ. ಪಟ್ಟಣಕ್ಕೆ ಅಂಟಿಕೊಂಡೇ ಇರುವ ಬೆಟ್ಟದ ಮೇಲೆ ಕೋಟೆ, ಕೋಟೆಯೊಳಗೆ ಬೆಟ್ಟದ ರಂಗನಾಥಸ್ವಾಮಿಯ ಗುಡಿ. ಮಕ್ಕಳು, ಅಜ್ಜ-ಅಜ್ಜಿಯರು ಸಹ ನಿಧಾನವಾಗಿ ಹತ್ತಬಹುದು.

ಕೋಟೆಗೋಡೆಯ ಬಳಿ ನಿಂತವರಿಗೆ ಕೆಳಗೆ ಪಟ್ಟಣದ ಮಾಡುಗಳು, ಆಚೆ ಅಡಿಕೆ ತೋಟಗಳು, ಅವುಗಳಾಚೆ ನೀಲಿಯಾಗಿ ಕರಗುವ ಗುಡ್ಡಗಳು ಕಾಣುತ್ತವೆ. ಎಷ್ಟು ದೂರ ಕಾಣಬಹುದು? ಇದಕ್ಕೊಂದು ಸುಲಭ ಲೆಕ್ಕವಿದೆ. ಸುತ್ತಲಿನ ಬಯಲಿಗಿಂತ ನಾವು ಎಷ್ಟು ಮೀಟರ್ ಎತ್ತರದಲ್ಲಿದ್ದೇವೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ, ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಎತ್ತರ 100 ಮೀಟರ್ ಆದರೆ ವರ್ಗಮೂಲ 10. ದಿಗಂತ ಸುಮಾರು 36 ಕಿ.ಮೀ. ದೂರ. ಕೋಟೆಗೆ ಬೆಟ್ಟದ ತುದಿಯನ್ನೇ ಏಕೆ ಆರಿಸುತ್ತಿದ್ದರು ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ. ಶತ್ರು ಬಾಗಿಲಿಗೆ ಬರುವ ಹೊತ್ತಿಗೆ ಕಾವಲಿನವನು ಅವನನ್ನು ಯಾವಾಗಲೋ ಕಂಡಿರುತ್ತಿದ್ದ.

ಎರಡು ಗುಡ್ಡ, ಒಂದು ಏರಿ

ಚನ್ನಗಿರಿಯಿಂದ ಉತ್ತರಕ್ಕೆ ಹೋದರೆ ಸೂಳೆಕೆರೆ. ಶಾಂತಿಸಾಗರವೆಂಬುದು ಇದರ ಇನ್ನೊಂದು ಹೆಸರು. ಶಾಂತವ್ವೆ ಎಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂದೂ, ನೆಲ ಬಿಟ್ಟುಕೊಟ್ಟ ವೇಶ್ಯೆಯರು ಕೆರೆಗೆ ತಮ್ಮ ಹೆಸರಿಡಬೇಕೆಂದು ಕೇಳಿದರೆಂದೂ ಐತಿಹ್ಯ.

ಏರಿಯ ಪಕ್ಕದ ಸಿದ್ಧೇಶ್ವರನ ಗುಡ್ಡ ಹತ್ತಿದರೆ ಒಂದು ಕಡೆ ಕಣ್ಣಿಗೆ ನಿಲುಕದ ನೀರು, ಇನ್ನೊಂದು ಕಡೆ ಬತ್ತದ ಗದ್ದೆ ಮತ್ತು ತೋಟ. ನಡುವೆ ಏರಿ. ಅದರ ಉದ್ದ ಸುಮಾರು 950 ಅಡಿ ಮಾತ್ರ! ಇಷ್ಟು ದೊಡ್ಡ ಕೆರೆಗೆ ಇಷ್ಟು ಗಿಡ್ಡ ಏರಿ ಸಾಕಾದದ್ದು ಹೇಗೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಗುಡ್ಡದ ಮೇಲೆಯೇ ಇದೆ. ಸುತ್ತಲಿನ ಬೆಟ್ಟಗಳು ಬೋಗುಣಿಯಂತೆ ನಿಂತಿವೆ. ಹರಿದ್ರಾ ಹಳ್ಳ ಹೊರಹೋಗಲು ಇದ್ದ ಕಿರಿದಾದ ಕಣಿವೆಗೆ ಮಾತ್ರ ಹಿಂದಿನವರು ಅಡ್ಡ ಕಟ್ಟಿದರು. ಉಳಿದ ಗೋಡೆಯನ್ನೆಲ್ಲ ಪ್ರಕೃತಿಯೇ ಕಟ್ಟಿಕೊಟ್ಟಿತ್ತು. ದೂರದರ್ಶಕವಿಲ್ಲದೆ, ಮುದ್ರಿತ ನಕಾಶೆಯಿಲ್ಲದೆ ಆ ಜಾಗವನ್ನು ಗುರುತಿಸಿದವರು ಮೊದಲು ಈ ಗುಡ್ಡಗಳನ್ನೆಲ್ಲ ಕಾಲಲ್ಲಿ ಅಳೆದಿರಬೇಕು.

ಸಿದ್ಧ ನಾಲೆ ಮತ್ತು ಬಸವ ನಾಲೆಗಳು ಇಂದಿಗೂ ಇಲ್ಲಿಂದ ಹೊಲಗಳಿಗೆ ನೀರೊಯ್ಯುತ್ತವೆ. ದೂರದ ಚಿತ್ರದುರ್ಗಕ್ಕೆ ಕುಡಿಯುವ ನೀರೂ ಇಲ್ಲಿನದೇ. ಕೆರೆ ಬಿಟ್ಟ ಹರಿದ್ರೆ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಆದರೆ ಅದೇ ಗುಡ್ಡದಿಂದ ಕಾಣುವ ಇನ್ನೊಂದು ಸಂಗತಿಯೂ ಇದೆ. ಕೆರೆಯಂಚಿನಲ್ಲಿ ಒತ್ತುವರಿ, ತಳದಲ್ಲಿ ಹೂಳು. ಮೇಲಿನ ಗುಡ್ಡಗಳು ಬೋಳಾದಷ್ಟೂ ಮಳೆ ತನ್ನ ಜೊತೆ ಮಣ್ಣನ್ನು ತರುತ್ತದೆ. ಮೇಲಿಂದ ನೋಡಿದರೆ ನೀರಿನ ಹರಹು ಮೊದಲಿನಷ್ಟೇ ಕಾಣಬಹುದು. ಆಳ ಮಾತ್ರ ವರ್ಷವರ್ಷವೂ ಕಳೆಯುತ್ತಿರುತ್ತದೆ. ಗಡಿ ಗುರುತಿಸಿ, ಹೂಳು ತೆಗೆಸಿ ಎಂದು ಸುತ್ತಲಿನ ಜನ ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ.

ಕೊಂಡುಕುರಿಯ ಕಾಡು

ಕೊನೆಯ ಭಾನುವಾರ ಜಗಳೂರಿಗೆ. ಇಲ್ಲಿಗೆ ಬರುವ ಹೊತ್ತಿಗೆ ಮುಂಗಾರಿನ ಮೋಡ ತನ್ನ ನೀರನ್ನೆಲ್ಲ ಘಟ್ಟದ ಕಡೆಯೇ ಸುರಿಸಿ ಹಗುರಾಗಿರುತ್ತದೆ. ಅಡಿಕೆ, ಬತ್ತದ ನಾಡು ಹೋಗಿ ಮೆಕ್ಕೆಜೋಳ, ಶೇಂಗಾದ ಬಯಲು ಬರುತ್ತದೆ. ರಂಗಯ್ಯನದುರ್ಗದ ಗುಡ್ಡಗಳಲ್ಲಿ ಕುರುಚಲು ಕಾಡು. ಬರಡು ಎಂದು ಮುಖ ತಿರುಗಿಸುವವರು ತಿಳಿಯಬೇಕಾದದ್ದೊಂದಿದೆ: ಈ ಕಾಡಿನ ಸುಮಾರು 77 ಚದರ ಕಿ.ಮೀ. ಭಾಗವನ್ನು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು.

ಕೊಂಡುಕುರಿ ಕುರಿಯಲ್ಲ, ಜಿಂಕೆಯೂ ಅಲ್ಲ; ಕೃಷ್ಣಮೃಗದಂತೆ ಹುಲ್ಲೆಗಳ ಬಳಗಕ್ಕೆ ಸೇರಿದ ಪ್ರಾಣಿ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಅವುಗಳ ಮುಂದೆ ಹಣೆಯ ಮೇಲೆ ಎರಡು ಚಿಕ್ಕವು. ಜಗತ್ತಿನಲ್ಲಿ ಇದು ಉಳಿದಿರುವುದು ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ. ಒಂಟಿಯಾಗಿ ತಿರುಗುವ ನಾಚಿಕೆಯ ಪ್ರಾಣಿಯಾದ್ದರಿಂದ ಕಣ್ಣಿಗೆ ಬೀಳುವುದು ಅಪರೂಪ. ಇದು ನೀರಿನಿಂದ ಬಹಳ ದೂರ ಹೋಗುವುದಿಲ್ಲ. ಆದ್ದರಿಂದ ಬರದ ಸೀಮೆಯಲ್ಲಿ ಇದು ಬದುಕಿದೆ ಎಂದರೆ ಕಾಡಿನ ಹೊಂಡಗಳಲ್ಲಿ ಇನ್ನೂ ನೀರಿದೆ ಎಂದರ್ಥ.

ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯಿಂದ ನೀರೆತ್ತಿ ತುಂಬಿಸುವ ಯೋಜನೆ ಈಚಿನ ವರ್ಷಗಳಲ್ಲಿ ಬಂದಿದೆ. ಹೊನ್ನಾಳಿಯ ದಡವನ್ನು ತಾಕಿ ಹೋದ ನೀರೇ ಹೀಗೆ ಜಗಳೂರನ್ನು ಮುಟ್ಟುತ್ತದೆ. ಆದರೆ ನದಿ ತಗ್ಗಿನಲ್ಲಿ, ಕೆರೆಗಳು ಎತ್ತರದಲ್ಲಿ. ನೀರು ಏರಬೇಕಾದರೆ ಪಂಪು ಬೇಕು, ಪಂಪಿಗೆ ವಿದ್ಯುತ್ತು ಬೇಕು. ಸೂಳೆಕೆರೆಯನ್ನು ಗುಡ್ಡವೇ ತುಂಬಿಕೊಡುತ್ತದೆ. ಇಲ್ಲಿ ಆ ಕೆಲಸವನ್ನು ಯಂತ್ರ ಮಾಡಬೇಕು. ಕಾಡು ಕಳೆದುಕೊಂಡ ನಾಡು ನೀರಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮಕ್ಕಳು ಇಲ್ಲಿ ಲೆಕ್ಕ ಹಾಕಬಹುದು.

ಹೊರಡುವ ಮುನ್ನ

ಸೆಪ್ಟೆಂಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಬಿಸಿಲೇರುವ ಮುನ್ನ ಹತ್ತಿ, ಮಧ್ಯಾಹ್ನದೊಳಗೆ ಇಳಿಯುವುದು ಲೇಸು. ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಒಂಟಿಯಾಗಿ, ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತಿರುಗಬಾರದು. ರಂಗಯ್ಯನದುರ್ಗದ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸೂಳೆಕೆರೆಯ ನೀರಿಗಿಳಿಯುವ ಸಾಹಸ ಬೇಡ. ಬುತ್ತಿಗೆ ರೊಟ್ಟಿ-ಚಟ್ನಿಪುಡಿ, ಕುಡಿಯಲು ನೀರು, ಬರೆಯಲು ಒಂದು ನೋಟ್ ಪುಸ್ತಕ ಇದ್ದರೆ ಸಾಕು. ಬುತ್ತಿ ಕಟ್ಟಿಕೊಂಡುಹೋದ ಪ್ಲಾಸ್ಟಿಕ್ ಮತ್ತೆ ಮನೆಗೇ ಬರಲಿ. ತೀರ್ಥರಾಮೇಶ್ವರದಲ್ಲಿ ಕಂಡ ಮರಗಳ ಹೆಸರು, ಜಗಳೂರಿನಲ್ಲಿ ಕಂಡ ಗಿಡಗಳ ಹೆಸರು ಎದುರುಬದುರು ಬರೆದರೆ ಪುಸ್ತಕದ ಆ ಎರಡು ಪುಟಗಳಲ್ಲೇ ಮಳೆಯ ಲೆಕ್ಕ ಸಿಗುತ್ತದೆ. ಗೊತ್ತಿಲ್ಲದ ಹೆಸರುಗಳನ್ನು ಅಲ್ಲೇ ದನ ಕಾಯುವ ಹುಡುಗನನ್ನು ಕೇಳಿದರಾಯಿತು.