ನಕ್ಷೆಯನ್ನೋದುವ ಬಗೆ

ಮನೆಯನ್ನು ಕಟ್ಟಿಸಬೇಕೆಂದಿರುವ ಗೃಹಸ್ಥನು ಮುಹೂರ್ತವನ್ನು ಹತ್ತು ಜನರಲ್ಲಿ ವಿಚಾರಿಸುತ್ತಾನೆ. ಮರವನ್ನು ತಟ್ಟಿ ನೋಡಿ ಕೊಳ್ಳುತ್ತಾನೆ. ಇಟ್ಟಿಗೆಯನ್ನು ಒಂದಕ್ಕೊಂದು ಬಡಿದು ಅದರ ನಾದವನ್ನು ಪರೀಕ್ಷಿಸುತ್ತಾನೆ. ಆದರೆ ಇವೆಲ್ಲಕ್ಕೂ ಮೂಲವಾದ ನಕ್ಷೆಯು ಕೈಗೆ ಬಂದಾಗ ಮಾತ್ರ ಅದನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ, ತಲೆಯಾಡಿಸಿ, ರುಜು ಮಾಡಿ ಹಿಂದಕ್ಕೆ ಕೊಟ್ಟುಬಿಡುತ್ತಾನೆ. ಅದು ಇಂಜನಿಯರರ ವಿದ್ಯೆ, ನಮಗೇಕೆ ಎಂಬ ಸಂಕೋಚವೇ ಇದಕ್ಕೆ ಕಾರಣವಾಗಿರಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳಲ್ಲಿ ನನ್ನ ಬಂಧುವರ್ಗವು ಹರಡಿಕೊಂಡಿರುವುದರಿಂದಲೂ, ನಾನು ಬಹುಕಾಲ ನಕ್ಷೆಯ ಹಲಗೆಯ ಮುಂದೆ ಕುಳಿತು ಜೀವನ ಮಾಡಿದವನಾದುದರಿಂದಲೂ, ಇಂತಹ ಕಾಗದಗಳು ರುಜುವಾದ ಮೇಲೆ ನನ್ನ ಬಳಿಗೆ ಬರುವುದುಂಟು. ರುಜುವಿಗೆ ಮೊದಲು ಬಂದವು ಬಹಳ ಕಡಮೆ.

ನಕ್ಷೆಯು ಚಿತ್ರವಲ್ಲ. ಇದನ್ನು ಮೊದಲು ತಿಳಿಯತಕ್ಕುದು. ಚಿತ್ರಕಾರನು ವಸ್ತುವು ಕಣ್ಣಿಗೆ ತೋರುವಂತೆ ಬರೆಯುತ್ತಾನೆ. ಆತನ ಪಟದಲ್ಲಿ ದೂರದ ಕಂಬವು ಗಿಡ್ಡವಾಗಿಯೂ ಹತ್ತಿರದ ಕಂಬವು ಎತ್ತರವಾಗಿಯೂ ಕಾಣುವುದು. ಆ ಪಟವನ್ನು ನೋಡಿ ಸಂತೋಷಪಡಬಹುದೇ ಹೊರತು ಕಂಬವನ್ನು ಕಡೆಯಲಾಗುವುದಿಲ್ಲ. ನಕ್ಷೆಗಾರನಾದರೋ ವಸ್ತುವಿನ ಪ್ರತಿಯೊಂದು ಮುಖಕ್ಕೂ ನೆಟ್ಟಗೆ ಎದುರಾಗಿ ನಿಂತು, ಒಂದೊಂದು ಮುಖವನ್ನೂ ಬೇರೆ ಬೇರೆಯಾಗಿ, ಇದ್ದ ಅಳತೆಯ ಪ್ರಮಾಣದಲ್ಲಿಯೇ ಬರೆಯುತ್ತಾನೆ. ಮುಂದಿನ ನೋಟ, ಮೇಲಿನ ನೋಟ, ಪಕ್ಕದ ನೋಟ ಇವು ಮೂರೂ ಸೇರಿದಾಗ ವಸ್ತುವು ಓದುವವನ ಮನಸ್ಸಿನಲ್ಲಿ ಎದ್ದು ನಿಲ್ಲಬೇಕು. ಫ್ರಾನ್ಸ್ ದೇಶದ ಗಾಸ್ಪಾರ್ ಮೊಂಜ್ ಎಂಬ ಗಣಿತಜ್ಞನು ಹದಿನೆಂಟನೆಯ ಶತಮಾನದಲ್ಲಿ ಈ ಪದ್ಧತಿಗೆ ಶಾಸ್ತ್ರದ ರೂಪವನ್ನು ಕೊಟ್ಟನು. ಕೋಟೆಗಳನ್ನು ಕಟ್ಟುವುದಕ್ಕೆ ಉಪಯುಕ್ತವಾದುದರಿಂದ ಸೈನ್ಯದವರು ಅದನ್ನು ಕೆಲವು ಕಾಲ ಗುಟ್ಟಾಗಿಯೇ ಇಟ್ಟಿದ್ದರಂತೆ. ಇಂದು ನಮ್ಮ ತಾಲ್ಲೂಕಿನ ಐ.ಟಿ.ಐ. ಹುಡುಗನು ಮೊದಲ ವರ್ಷದಲ್ಲಿಯೇ ಅದನ್ನು ಕಲಿಯುತ್ತಾನೆ.

ಇಲ್ಲಿ ಒಂದು ತೊಡಕುಂಟು. ವಸ್ತುವು ನೋಡುವವನಿಗೂ ಕಾಗದಕ್ಕೂ ನಡುವೆ ಇದೆಯೆಂದು ಭಾವಿಸಿ ಬರೆದರೆ ಮೇಲಿನ ನೋಟವು ಮುಂದಿನ ನೋಟದ ಕೆಳಗೆ ಬಂದು ಬೀಳುತ್ತದೆ. ಕಾಗದವೇ ಗಾಜಿನಂತೆ ನಡುವೆ ನಿಂತಿದೆಯೆಂದು ಭಾವಿಸಿದರೆ ಮೇಲಿನ ನೋಟವು ಮೇಲೆಯೇ ನಿಲ್ಲುತ್ತದೆ. ಮೊದಲನೆಯದು ಭಾರತೀಯ ಮಾನಕ ಸಂಸ್ಥೆಯು ಎಸ್.ಪಿ. 46 ಎಂಬ ಪುಸ್ತಕದಲ್ಲಿ ಒಪ್ಪಿದ ರೀತಿ; ಎರಡನೆಯದು ಅಮೆರಿಕದವರ ರೀತಿ. ಒಂದನ್ನು ಇನ್ನೊಂದೆಂದು ಓದಿದರೆ ಎಡಕ್ಕೆ ಇರಬೇಕಾದ ತೂತು ಬಲಕ್ಕೆ ಬೀಳುವುದು. ಅದಕ್ಕಾಗಿಯೇ ಹಾಳೆಯ ಬಲಗಡೆಯ ಕೆಳಮೂಲೆಯ ಚೌಕದಲ್ಲಿ, ಬರೆದವನ ಹೆಸರು, ತಾರೀಖು, ಪ್ರಮಾಣ ಮುಂತಾದವುಗಳೊಡನೆ, ತಲೆ ಕತ್ತರಿಸಿದ ಶಂಕುವಿನ ಪುಟ್ಟದೊಂದು ಗುರುತನ್ನು ಹಾಕಿರುತ್ತಾರೆ. ಅಲಂಕಾರಕ್ಕೆಂದು ಅದನ್ನು ಬರೆದುದಲ್ಲ.

ಗೆರೆಗಳಿಗೂ ಜಾತಿಯುಂಟು. ಕಣ್ಣಿಗೆ ಕಾಣುವ ಅಂಚಿಗೆ ದಪ್ಪನೆಯ ಅಖಂಡ ಗೆರೆ. ಮರೆಯಲ್ಲಿರುವುದಕ್ಕೆ ತುಂಡುತುಂಡಾದ ಗೆರೆ. ನಡುವಿನ ಅಕ್ಷಕ್ಕೆ ಒಂದು ಉದ್ದ, ಒಂದು ಗಿಡ್ಡ ಹೀಗೆ ಸರಪಳಿಯಂತಹ ಗೆರೆ. ಅಳತೆಯನ್ನು ತೋರುವುದಕ್ಕೆ ತೆಳುವಾದ ಗೆರೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಪಡಸಾಲೆಯ ಕೆಳಗೆ ಜೋಳವನ್ನು ತುಂಬುವ ಹಗೇವು ಇರುವುದಷ್ಟೆ? ಮೇಲೆ ನಿಂತವನಿಗೆ ಕಾಣುವುದು ಬರಿಯ ಬಂಡೆ. ನಕ್ಷೆಯಲ್ಲಿ ಆ ಹಗೇವನ್ನು ತುಂಡುಗೆರೆಯ ದುಂಡಿನಿಂದ ತೋರಿಸಬೇಕು. ತೋರಿಸದಿದ್ದರೆ ಮುಂದೊಂದು ದಿನ ಯಾರೋ ಅದರ ಮೇಲೆಯೇ ಕಂಬವನ್ನು ನಿಲ್ಲಿಸಿಯಾರು. ಇನ್ನೊಂದು ಸಂಗತಿ: ಮನೆಯ ತಳನಕ್ಷೆಯನ್ನು ಮೇಲಿನಿಂದ ನೋಡಿದ ನೋಟವೆಂದು ಅನೇಕರು ತಿಳಿದಿದ್ದಾರೆ. ಹಾಗಿದ್ದರೆ ಮಾಳಿಗೆಯಲ್ಲದೆ ಬೇರೇನು ಕಂಡೀತು? ಅದು ನಿಜವಾಗಿ, ಗೋಡೆಗಳನ್ನೆಲ್ಲ ಕಿಟಕಿಯ ಮಟ್ಟದಲ್ಲಿ ಅಡ್ಡಲಾಗಿ ಕೊಯ್ದು, ಮೇಲಿನ ಭಾಗವನ್ನು ಎತ್ತಿಟ್ಟು ನೋಡಿದ ನೋಟ. ಸೋರೆಕಾಯನ್ನು ಹೆಚ್ಚುವ ಗೃಹಿಣಿಗೆ ಇದು ಇಂಜನಿಯರನಿಗಿಂತ ಬೇಗ ತಿಳಿಯುತ್ತದೆಂದು ನನ್ನ ಅನುಭವ.

ಕಾಲುವೆಯ ನಕ್ಷೆಯ ಮಾತನ್ನು ನಮ್ಮ ಸೀಮೆಯವರು ವಿಶೇಷವಾಗಿ ತಿಳಿದಿರಬೇಕು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲಾಯಿತು. 1953ರಲ್ಲಿ ನೀರು ಕಾಲುವೆಗೆ ಬಂದಿತು. ಎಡದ ದಡವು ಆಗ ಉರ್ದುವಿನಲ್ಲಿ ಕಚೇರಿ ನಡೆಸುತ್ತಿದ್ದ ಹೈದರಾಬಾದು ಸಂಸ್ಥಾನಕ್ಕೂ, ಬಲದ ದಡವು ಮದ್ರಾಸಿಗೂ ಸೇರಿದ್ದುವು. ಎರಡು ಸರಕಾರಗಳು, ನಾಲ್ಕಾರು ಮಾತೃಭಾಷೆಗಳ ಇಂಜನಿಯರರು, ಕಟ್ಟಬೇಕಾದ ಕಟ್ಟೆಯು ಮಾತ್ರ ಒಂದು. ಗೆರೆಗಳ ಭಾಷೆಯೊಂದು ಇಬ್ಬರಿಗೂ ಸಮಾನವಾಗಿಲ್ಲದಿದ್ದರೆ ನದಿಯ ನಡುವೆ ಕಲ್ಲಿಗೆ ಕಲ್ಲು ಕೂಡುವುದು ಹೇಗೆ?

ಆ ಎಡದಂಡೆಯ ಕಾಲುವೆಯಿಂದಲೇ ಸಿಂಧನೂರು ಇಂದು ಬತ್ತದ ಸೀಮೆಯೆನಿಸಿರುವುದು. ಕಾಲುವೆಯ ಉದ್ದನೆಯ ಸೀಳುನೋಟವನ್ನು ಒಮ್ಮೆ ನಮ್ಮ ಬಂಧುವೊಬ್ಬರಿಗೆ ತೋರಿಸಿದಾಗ ಅವರು ಬೆರಗಾಗಿ, “ಅಲ್ಲಪ್ಪಾ, ಇದು ಕಾಲುವೆಯೋ ಜಲಪಾತವೋ?” ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ಐದು ಸಾವಿರ ಅಡಿ ಓಟಕ್ಕೆ ಒಂದು ಅಡಿ ಇಳಿಜಾರಿರುವ ಕಾಲುವೆಯನ್ನು ಒಂದೇ ಪ್ರಮಾಣದಲ್ಲಿ ಬರೆದರೆ ಐದು ಅಡಿ ಉದ್ದದ ಕಾಗದದಲ್ಲಿ ಇಳಿತವು ಒಂದು ಅಂಗುಲದ ಎಂಬತ್ತನೆಯ ಒಂದು ಭಾಗದಷ್ಟೂ ಆಗದು; ಪೆನ್ಸಿಲಿನ ಗೆರೆಯೇ ಅದಕ್ಕಿಂತ ದಪ್ಪ. ಆದುದರಿಂದ ಅಡ್ಡಕ್ಕೆ ಒಂದು ಪ್ರಮಾಣ, ಎತ್ತರಕ್ಕೆ ಅದಕ್ಕಿಂತ ಬಹು ದೊಡ್ಡದಾದ ಇನ್ನೊಂದು ಪ್ರಮಾಣ ಇಟ್ಟುಕೊಳ್ಳುವ ಸಂಪ್ರದಾಯವಿದೆ. ಎರಡನ್ನೂ ಮೂಲೆಯಲ್ಲಿ ಬರೆದಿರುತ್ತಾರೆ. ಕಾಲುವೆಯ ಕೊನೆಯ ಭಾಗದ ಹೊಲದವನು, ನೀರು ತನ್ನ ತೂಬಿಗೆ ಏರುವುದೋ ಇಲ್ಲವೋ ಎಂದು ಚಿಂತಿಸುವವನು, ಚಿತ್ರದ ಇಳಿಜಾರನ್ನು ನಂಬದೆ ಅಲ್ಲಿ ಬರೆದ ಮಟ್ಟದ ಅಂಕಿಗಳನ್ನು ಓದಬೇಕು.

2024ನೆಯ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಜಲಾಶಯವು ತುಂಬಿದ ಕಾಲ. ಸಿಂಧನೂರು, ಮಸ್ಕಿಗಳ ಗದ್ದೆಗಳಲ್ಲಿ ನಾಟಿಯ ಕಾಲ. ಆ ವಾರ ನಮ್ಮ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ. ಒಕ್ಕಲುತನದ ಮನೆಗಳಲ್ಲಿ ಹೆಂಗಸರು ಕೂಡ ಎಷ್ಟು ಟಿ.ಎಂ.ಸಿ. ಉಳಿದಿದೆಯೆಂದು ಬೆಳಗಾಗುತ್ತಲೇ ಕೇಳುತ್ತಿದ್ದರು. ನೀರನ್ನೆಲ್ಲ ಹೊರಕ್ಕೆ ಬಿಟ್ಟು ದುರಸ್ತಿ ಮಾಡಿದರೆ ಬೆಳೆ ಹೋಗುವುದು. ಹರಿವ ನೀರಿನಲ್ಲಿಯೇ ತಡೆಯನ್ನು ಇಳಿಸಬೇಕು. ಕನ್ನಯ್ಯ ನಾಯ್ಡು ಎಂಬ ಅನುಭವಿ ತಜ್ಞರ ಮಾರ್ಗದರ್ಶನದಲ್ಲಿ ಅರುವತ್ತು ಅಡಿ ಅಗಲದ ಆ ಕಂಡಿಗೆ ಉಕ್ಕಿನ ಹಲಗೆಗಳಂತಹ ತಾತ್ಕಾಲಿಕ ತುಂಡುಗಳನ್ನು ಮಾಡಿಸಿ, ಒಂದರ ಮೇಲೊಂದರಂತೆ ಐದನ್ನು ಇಳಿಸಿದರು. ಆಗಸ್ಟ್ 17ರ ಹೊತ್ತಿಗೆ ನೀರು ನಿಂತಿತು. ವಾರ್ತಾಪತ್ರಗಳು ಕ್ರೇನುಗಳನ್ನೂ ಕೆಲಸಗಾರರ ಧೈರ್ಯವನ್ನೂ ಕೊಂಡಾಡಿದುವು, ಅದು ಉಚಿತವೇ. ನನ್ನ ಮನಸ್ಸು ಮಾತ್ರ ಕಾಗದದ ಕಡೆಗೆ ಹೋಯಿತು. ಒಂದಕ್ಕಿಂತ ಹೆಚ್ಚು ಕಾರ್ಖಾನೆಗಳಲ್ಲಿ ಆ ತುಂಡುಗಳು ತಯಾರಾದುವು. ಎಪ್ಪತ್ತು ವರ್ಷ ಹಳೆಯದಾದ ಕಂಬಗಳ ನಡುವೆ, ಕೈಹಾಕಿ ನೋಡಲಾರದ ಪ್ರವಾಹದಲ್ಲಿ, ಅವು ಕುಳಿತುಕೊಳ್ಳಬೇಕಾಗಿದ್ದುವು. ಅಂಗುಲವೆರಡಂಗುಲ ಹೆಚ್ಚಾಗಿದ್ದರೆ ತುಂಡು ಇಳಿಯದು, ಕಡಮೆಯಾಗಿದ್ದರೆ ನಿಲ್ಲದು. ಬರೆದ ಅಳತೆಯ ಹೊರತು ಅಲ್ಲಿ ಬೇರೆ ಆಧಾರವಾವುದು?

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ಈ ವಿದ್ಯೆಯು ಪ್ರಾಣಕ್ಕೇ ಸಂಬಂಧಿಸಿದುದು. ಅಲ್ಲಿ ಪುರಾತನರು ತೋಡಿದ ಸುರಂಗಗಳುಂಟು. ನೀರು ತುಂಬಿದ ಹಳೆಯ ತೋಡು ಎಲ್ಲಿದೆಯೆಂಬುದನ್ನು ನಕ್ಷೆಯು ತೋರದಿದ್ದರೆ ಹೊಸದಾಗಿ ಅಗೆಯುವವನ ಗತಿಯೇನು? ಆದುದರಿಂದಲೇ ಗಣಿಯ ನಕ್ಷೆಗಳನ್ನು ಕ್ರಮವಾಗಿ ಬರೆದಿಡಬೇಕೆಂದು ಕಾಯಿದೆಯೇ ವಿಧಿಸಿದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಕಂಡುಹಿಡಿದ ಬೀಡನ್ ಸಾಹೇಬನೂ ಚಿನ್ನದ ಗಣಿಯ ಇಂಜನಿಯರನೇ ಎಂಬುದನ್ನು ಇಲ್ಲಿ ನೆನೆಯಬಹುದು. ಕಲ್ಲಿನ ಮೇಲಿನ ಗೆರೆಗಳನ್ನು ಸುಮ್ಮನೆ ನೋಡಿ ಹೋಗದಿರುವುದು ಆ ವೃತ್ತಿಯವರ ಅಭ್ಯಾಸ.

ಇನ್ನು, ಗೃಹಸ್ಥರಿಗೆ ಎಲ್ಲಕ್ಕಿಂತ ಮುಖ್ಯವಾದುದು ಒಂದಿದೆ. ಬರೆದ ಅಂಕಿಯೇ ಪ್ರಮಾಣ; ಕಾಗದದ ಮೇಲೆ ಪಟ್ಟಿಯನ್ನಿಟ್ಟು ಅಳೆಯಕೂಡದು. ಕಾಗದವು ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಈಗಿನ ಜೆರಾಕ್ಸ್ ಯಂತ್ರವಂತೂ ಕೇಳದೆಯೇ ಕಿರಿದು ಮಾಡಿಬಿಡುತ್ತದೆ. ಮಸ್ಕಿಯಲ್ಲಿ ನನ್ನ ಸೋದರತ್ತೆಯ ಮಕ್ಕಳಿಬ್ಬರು ಪಾಲಾದಾಗ ಹಿತ್ತಲ ಬಾವಿಗೆ ಹೋಗುವ ಓಣಿಯನ್ನು ಇಬ್ಬರಿಗೂ ಸಮಾನವೆಂದು ನಕ್ಷೆಯಲ್ಲಿ ಬಿಟ್ಟಿದ್ದರು. ಒಂದು ಅಂಗುಲಕ್ಕೆ ಎಂಟು ಅಡಿ ಎಂದು ಮೂಲೆಯಲ್ಲಿ ಬರೆದಿತ್ತು. ಓಣಿಯ ಅಗಲವನ್ನು ಮಾತ್ರ ಯಾರೂ ಬರೆದಿರಲಿಲ್ಲ. ಕೆಲವು ವರ್ಷಗಳ ತರುವಾಯ ತಮ್ಮನು ಗೋಡೆಯನ್ನೆತ್ತಲು ಹೊರಟು, ಕೈಯಲ್ಲಿದ್ದ ಪ್ರತಿಯ ಮೇಲೆ ಪಟ್ಟಿಯನ್ನಿಟ್ಟನು. ಓಣಿಯು ಅರ್ಧ ಅಂಗುಲಕ್ಕೆ ಕೂದಲೆಳೆಯಷ್ಟು ಹೆಚ್ಚು. ಅಂದರೆ ನಾಲ್ಕು ಅಡಿಗೆ ಕೊಂಚ ಮೇಲು. ಗೌಂಡಿಯು ಸುಣ್ಣದ ಗೆರೆಯನ್ನೂ ಹಾಕಿದನು. ಅಣ್ಣನು, ತನ್ನ ಬಂಡಿ ತಿರುಗುತ್ತಿದ್ದ ದಾರಿ ಇದಲ್ಲವೆಂದು ಗೆರೆಯ ಮೇಲೆಯೇ ಕುಳಿತುಬಿಟ್ಟನು. ಇಬ್ಬರೂ ಸುಳ್ಳಾಡುವವರಲ್ಲ, ಆದರೆ ಎರಡು ಮನೆಗಳ ನಡುವೆ ಮಾತು ನಿಂತಿತು, ಅತ್ತೆಯು ಊಟ ಬಿಟ್ಟಳು.

ನನ್ನನ್ನು ಕರೆಸಿದರು. ಆ ಹಾಳೆಯಲ್ಲಿ ನಿವೇಶನದ ಮುಂಭಾಗಕ್ಕೆ ನಲವತ್ತು ಅಡಿ ಎಂದು ಅಂಕಿಯಿತ್ತು. ಎಂಟು ಅಡಿಗೊಂದು ಅಂಗುಲದಂತೆ ಆ ಗೆರೆಯು ಐದು ಅಂಗುಲವಿರಬೇಕು. ಅಳೆದರೆ ಮೂರೂವರೆಗೆ ಸ್ವಲ್ಪ ಹೆಚ್ಚು. ದೊಡ್ಡ ಹಾಳೆಯನ್ನು ಸಣ್ಣ ಹಾಳೆಗೆ ಇಳಿಸಿ ಪ್ರತಿ ತೆಗೆದಿದ್ದರು; ಅದರಲ್ಲಿ ಒಂದು ಅಂಗುಲಕ್ಕೆ ಹನ್ನೊಂದು ಅಡಿಗೂ ಮೇಲಾಗುತ್ತಿತ್ತು. ಆ ಲೆಕ್ಕದಲ್ಲಿ ಓಣಿಯ ಅಗಲ ಸುಮಾರು ಆರು ಅಡಿ. ತಮ್ಮನು ತಾನೇ ಎರಡು ಸಲ ಭಾಗಿಸಿ ನೋಡಿದನು. ಆಮೇಲೆ ಗೌಂಡಿಯನ್ನು ಕರೆದು ಗೆರೆಯನ್ನು ಅಳಿಸೆಂದನು. ಹೊಸ ಹಾಳೆಯೊಂದರಲ್ಲಿ ಉತ್ತರದ ಬಾಣ, ಬಾವಿ, ಬೇವಿನ ಮರ ಎಲ್ಲವನ್ನೂ ಗುರುತಿಸಿ, ಓಣಿಯ ಅಗಲವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದು ಕೊಟ್ಟೆನು. ಈ ಸಲ ಅಣ್ಣತಮ್ಮಂದಿರು ರುಜು ಮಾಡುವುದಕ್ಕೆ ಅರ್ಧ ಗಂಟೆ ತೆಗೆದುಕೊಂಡರು. ಹಗೇವು ಎಲ್ಲಿ ಬಿಟ್ಟುಹೋಯಿತೆಂದು ಕೇಳಿದವಳು ಅತ್ತೆ.