ಒಂದೇ ಬುಟ್ಟಿಯಲ್ಲಿ ಸೂರ್ಯ, ಚಂದ್ರ

ಆಶ್ವಯುಜದ ಭೂಮಿ ಹುಣ್ಣಿಮೆ ಹತ್ತಿರ ಬಂತಂದ್ರೆ ಸಾಗರ, ಹೊಸನಗರ ಕಡೆಯ ನಮ್ಮ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಯ ಕೆಲಸ ಶುರು. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಚಿತ್ತಾರ. ಕುಂಚ ಅಂದ್ರೆ ಪುಂಡಿ ನಾರು. ಅಮ್ಮ ಭತ್ತದ ಸಸಿ ಬರೆದು, ಮೇಲೆ ಸೂರ್ಯ, ಚಂದ್ರರನ್ನು ಕೂರಿಸುತ್ತಾಳೆ. ಹುಣ್ಣಿಮೆಯ ನಸುಕಿನಲ್ಲಿ ಆ ಬುಟ್ಟಿ ಚರಗ ಹೊತ್ತು ಗದ್ದೆಗೆ ಹೋಗುತ್ತದೆ.

ನನ್ನ ಹವ್ಯಾಸ ಫೋಟೋಗ್ರಫಿ. ಮೊಬೈಲ್‌ನಲ್ಲಿ ಚಂದ್ರ ಯಾಕೆ ಬರೀ ಬಿಳಿ ಚುಕ್ಕೆಯಾಗ್ತಾನೆ ಅಂತ ಗೆಳೆಯರು ಕೇಳ್ತಾರೆ. ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ಹೆಚ್ಚು ಬೆಳಕು ಎಳೆದುಕೊಳ್ಳುತ್ತದೆ. ಆದರೆ ಚಂದ್ರನ ಮೇಲಿರುವುದು ಬಿಸಿಲು. ಪರದೆಯಲ್ಲಿ ಚಂದ್ರನನ್ನು ಒತ್ತಿ ಎಕ್ಸ್‌ಪೋಷರ್ ಇಳಿಸಿ, ಕಲೆಗಳು ಕಾಣುತ್ತವೆ. ಗದ್ದೆ ಮಾತ್ರ ಕಪ್ಪಾಗುತ್ತದೆ.

ಹುಣ್ಣಿಮೆ ಸಂಜೆ ತೀರ್ಥಹಳ್ಳಿಯ ಕುಂದಾದ್ರಿ ಮೇಲೆ ನಿಂತರೆ ಇನ್ನೊಂದು ಕಷ್ಟ. ಪಶ್ಚಿಮದಲ್ಲಿ ಸೂರ್ಯ ಇಳಿಯುವ ಹೊತ್ತಿಗೇ ಪೂರ್ವದಲ್ಲಿ ಚಂದ್ರ ಏಳುತ್ತಾನೆ. ಎದುರುಬದುರು ಇರುವವರನ್ನು ಒಂದೇ ಫ್ರೇಮಿಗೆ ಹೇಗೆ ತರೋದು? ಅಮ್ಮನ ಬುಟ್ಟಿಯಲ್ಲಿ ಇಬ್ಬರ ನಡುವೆ ಒಂದು ಗೇಣು ಅಂತರ, ಕೆಳಗೆ ಹಸನಾದ ಸಸಿ.

ಅಮ್ಮನಿಗೀಗ ಸಣ್ಣ ಗೆರೆ ಸರಿಯಾಗಿ ಕಾಣೋದಿಲ್ಲ. "ಫೋಟೋ ಇಟ್ಕೊಂಡ್ರೆ ಬುಟ್ಟಿ ಬರೆದಂಗಾಗ್ತದಾ?" ಅಂತ ಮೊನ್ನೆ ಕೇಳಿದ್ಳು. ನನ್ನ ಫೋನಿನಲ್ಲಿ ಎಂಟು ವರ್ಷದ ಬುಟ್ಟಿಗಳಿವೆ. ಆದರೆ ಗದ್ದೆಗೆ ಫೋನ್ ಹೊತ್ತುಕೊಂಡು ಹೋಗೋಕಾಗಲ್ಲವಲ್ಲ. ಈ ದಸರಾ ರಜೆಗೆ ಟ್ರೈಪಾಡ್ ಬೆಂಗಳೂರಲ್ಲೇ ಇರಲಿ. ಪುಂಡಿ ನಾರು ಹಿಡಿಯೋದು ಕಲಿಯಬೇಕು. ನಿಮ್ಮ ಮನೆಯಲ್ಲೂ ಬರೆಯುವ ಕೈ ಇದ್ದರೆ ಪಕ್ಕದಲ್ಲಿ ಕೂತು ಒಂದು ಗೆರೆಯಾದರೂ ಎಳೆಯಿರಿ.